ಒಂದೇ ಸಲ ಕೇಳುವ ಯಂತ್ರ

ಶುಕ್ರವಾರ ಬೆಳಗಾದರೆ ಫರೀಬಾಳ ಫೋನಿಗೆ ಪುರುಸೊತ್ತಿರುವುದಿಲ್ಲ. ವಾರದ ಉಳಿದ ದಿನ ಕೆರ್ಮಾನ್ ಊರಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ಅವಳ ಉದ್ಯೋಗ. ರಜೆಯ ದಿನ ಬಂಧುಬಳಗದ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ಅವಳ ಹಣೆಬರಹ. ಚಿಕ್ಕಪ್ಪನ ಪ್ರಿಂಟರು, ಭಾವ ಮರೆತ ಪಾಸ್‌ವರ್ಡು, ದೊಡ್ಡಮ್ಮನ ಮೊಮ್ಮಕ್ಕಳು ತುಂಬಿಸಿಟ್ಟ ವೈರಸ್ಸು. ಯಾರು ಕರೆದರೂ ಹೋಗುತ್ತಿದ್ದಳು, ಸೋದರತ್ತೆ ಮನೀಝೆಯೊಬ್ಬಳನ್ನು ಬಿಟ್ಟು. ಆ ಮನೆಯಿಂದ ಕರೆ ಬಂದರೆ ಮಾತ್ರ ಅವಳಿಗೆ ತಲೆನೋವಿರುತ್ತಿತ್ತು, ಇಲ್ಲವೇ ಕಾರು ಕೆಟ್ಟಿರುತ್ತಿತ್ತು.

"ಫರೀಬಾ ಜಾನ್, ಸೋದರತ್ತೆ ಇದ್ದಾಳೋ ಸತ್ತಿದ್ದಾಳೋ ಅಂತಾದ್ರೂ ಕೇಳ್ಬಾರ್ದೇನೇ? ಇರ್ಲಿ ಬಿಡು. ನನ್ನ ಕಂಪ್ಯೂಟರಿನೊಳಗೆ ಒಂದು ಬಾತುಕೋಳಿ ಬಂದು ಕೂತಿದೆ ಕಣೇ."

"ಅದು ಬಾತುಕೋಳಿ ಅಲ್ಲ ಅತ್ತೆ, ಪೆಂಗ್ವಿನ್ನು. ಲಿನಕ್ಸ್ ಹಾಕಿದಾರೆ ಅನ್ಸುತ್ತೆ."

"ಯಾವ ಹಕ್ಕಿಯಾದ್ರೇನು, ಮೊಟ್ಟೆಯಂತೂ ಇಡ್ತಿಲ್ಲ. ಅಂಗಡಿಯವನು ಹಳೇದು ವೈರಸ್ ಹತ್ತಿ ಸತ್ತೋಯ್ತು, ಇದು ಪುಕ್ಕಟೆ, ಇದಕ್ಕೇನೂ ಹತ್ತಲ್ಲ ಅಂದ. ಪುಕ್ಕಟೆ ಅಂದಾಗ್ಲೇ ನಂಗೆ ಅನುಮಾನ ಬರ್ಬೇಕಿತ್ತು. ಬಾಗಿಲೆಲ್ಲಿ, ಅಡುಗೆಮನೆಯೆಲ್ಲಿ ಒಂದೂ ಗೊತ್ತಾಗ್ತಿಲ್ಲ."

"ಅತ್ತೆ, ಇವತ್ತು ನಂಗೆ ಸ್ವಲ್ಪ ತಲೆ..."

"ಪುಸ್ತಕದವ್ರಿಗೆ ವಿನ್ಯಾಸ ಕಳಿಸ್ಬೇಕು, ಅದಕ್ಕೇ ಅವಸರ. ನಮ್ಮ ಪತೇ ಕಸೂತಿ ಮೇಲೆ ದೊಡ್ಡ ಪುಸ್ತಕ ತರ್ತಿದಾರೆ, ತೆಹರಾನಿನಲ್ಲಿ ಅಚ್ಚಾಗುತ್ತೆ. ನನ್ನವು ಹದಿನಾಲ್ಕು ಆರಿಸಿದಾರೆ. ಹೊಲಿದವ್ರ ಹೆಸರು ಬೇರೆ, ವಿನ್ಯಾಸ ಬರೆದವ್ರ ಹೆಸರು ಬೇರೆ ಹಾಕ್ತಾರಂತೆ, ಗೊತ್ತಾ?"

ಫರೀಬಾಳ ತಲೆನೋವು ಅಲ್ಲೇ ನಿಂತಿತು.

"ಈಗ್ಲೇ ಹೊರಡ್ತೀನಿ ಅತ್ತೆ," ಅಂದಳು.

ಕೆಂಪು ಉಣ್ಣೆಬಟ್ಟೆಯ ಮೇಲೆ ಬಣ್ಣದ ದಾರ ತುಂಬುವ ಕೈಗಳಿಗೆ ಕೆರ್ಮಾನಿನಲ್ಲಿ ಬರವಿಲ್ಲ. ಬಟ್ಟೆಯ ಮೇಲೆ ಮೊದಲ ಗೆರೆ ಎಳೆಯುವ ಕೈಗಳು ಮಾತ್ರ ಬೆರಳೆಣಿಕೆ. ಅಂಥ ಒಂದು ಕೈ ಫರೀಬಾಳ ತಾಯಿ ತೂರಾನಳದು. ಬಾಗಿದ ಸೈಪ್ರಸ್ ಮರ, ದಾಳಿಂಬೆ ಹೂ, ನಡುವೆ ಸೂರ್ಯ: ಎಲ್ಲರೂ ಬರೆಯುವುದೇ. ಆದರೆ ತೂರಾನ್ ಬರೆದ ಮರ ಗಾಳಿ ನಿಂತ ಮೇಲೂ ಬಾಗಿರುವಂತೆ ಕಾಣುತ್ತಿತ್ತು. ತೆಳು ಹಾಳೆಗಳ ಮೇಲೆ ಬರೆದು, ಸುರುಳಿ ಸುತ್ತಿ, ಬೀರುವಿನಲ್ಲಿ ಇಟ್ಟುಕೊಂಡಿದ್ದಳು.

ಫರೀಬಾ ಕಾಲೇಜಿನಲ್ಲಿದ್ದಾಗ ಒಂದು ಸಂಜೆ ನಾದಿನಿ ಮನೀಝೆ ಚಹಾಕ್ಕೆ ಬಂದಳು. ಸುರುಳಿ ಬಿಚ್ಚಿಸಿ ನೋಡಿ ಕಣ್ಣರಳಿಸಿದಳು. ತೂರಾನ್ ಎಲ್ಲರೂ ಹೇಳುವ ಮಾತನ್ನೇ ಹೇಳಿದಳು: "ನಿನ್ನದೇ ಅಂತ ತಿಳ್ಕೋ, ತಗೊಂಡು ಹೋಗು." ಇದು ತಾರೋಫ್, ಉಪಚಾರದ ಮಾತು. ಟ್ಯಾಕ್ಸಿಯವನು ಬಾಡಿಗೆ ಬೇಡ ಅನ್ನುತ್ತಾನೆ, ಹಾಗಂತ ಯಾರೂ ಕೊಡದೆ ಇಳಿದು ಹೋಗುವುದಿಲ್ಲ. ಒಬ್ಬರು ಕೊಡುತ್ತೇನೆ ಅನ್ನಬೇಕು, ಇನ್ನೊಬ್ಬರು ಬೇಡ ಅನ್ನಬೇಕು, ಮತ್ತೆ ಕೊಡುತ್ತೇನೆ ಅನ್ನಬೇಕು. ಮೂರನೆಯ ಸಲದ ಹೊತ್ತಿಗೆ ನಿಜವಾಗಿ ಯಾರಿಗೆ ಏನು ಬೇಕೆಂಬುದು ಇಬ್ಬರಿಗೂ ತಿಳಿದಿರುತ್ತದೆ. ಈ ಊರಿನಲ್ಲಿ ಎಳೆಕೂಸಿಗೂ ಗೊತ್ತಿರುವ ಸಂಗತಿ. ಮನೀಝೆ ಒಂದು ಸಲವೂ ಬೇಡ ಅನ್ನಲಿಲ್ಲ. "ನಿಮ್ಮ ಕೈಗೆ ನೋವು ಬಾರದಿರಲಿ ಅತ್ತಿಗೆ" ಎಂದು ವಂದನೆಯ ಮಾತು ಹೇಳಿ, ಸುರುಳಿಯನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟೇಬಿಟ್ಟಳು.

ಮಾರನೆಯ ವರ್ಷ ಬಜಾರಿನ ಅಂಗಡಿಯಲ್ಲಿ ಆ ಮರಗಳು ತೂಗಾಡಿದವು, ಮನೀಝೆ ಖಾನುಮ್ ಅವರ ವಿನ್ಯಾಸ ಎಂಬ ಚೀಟಿಯೊಂದಿಗೆ. ಹೋಗಿ ಕೇಳು ಎಂದು ಫರೀಬಾ ತಾಯಿಯ ಬೆನ್ನು ಬಿದ್ದಳು. "ಕೊಟ್ಟೆ ಅಂದಿದ್ದೀನಿ. ಕೊಟ್ಟದ್ದನ್ನ ವಾಪಸ್ ಕೇಳೋಕೆ ಯಾವ ಬಾಯಿ?" ಅಂದಳು ತೂರಾನ್. ತಂದೆ "ನನ್ನ ತಂಗಿ, ಬಿಟ್ಟುಬಿಡಿ" ಎಂದರು, ಬಿಟ್ಟೇ ತೀರಿಕೊಂಡರು. ಹೊಸದಾಗಿ ಬರೆದು ತೋರಿಸಬಹುದಿತ್ತು. ಆದರೆ ಆಮೇಲೆ ತೂರಾನಳ ಬಲಗೈಗೆ ನಡುಕ ಬಂತು. ಈಗ ಅವಳ ಚಹಾದ ಲೋಟವನ್ನೂ ಅರ್ಧವೇ ತುಂಬಿಸಬೇಕು.

ಪುಸ್ತಕ ಅಚ್ಚಾದರೆ ಮುಗಿಯಿತು. ಅಚ್ಚಿನಲ್ಲಿ ಬಂದ ಹೆಸರೇ ಕೊನೆಯ ಹೆಸರು.

ಮನೀಝೆಯ ಮನೆಯಲ್ಲಿ ಲ್ಯಾಪ್‌ಟಾಪನ್ನು ಊಟದ ಮೇಜಿನ ನಡುವೆ, ಕಸೂತಿಯ ಬಟ್ಟೆಯ ಮೇಲೆ, ಹೊಸ ಅಳಿಯನನ್ನು ಕೂರಿಸಿದ ಹಾಗೆ ಕೂರಿಸಲಾಗಿತ್ತು. ತೆರೆಯೆಲ್ಲ ಫಾರ್ಸಿಯಲ್ಲಿ, ಬಲದಿಂದ ಎಡಕ್ಕೆ. ಮುಚ್ಚುವ ಗುಂಡಿ ಹಳೆಯದರಲ್ಲಿ ಬಲಕ್ಕಿತ್ತು, ಇದರಲ್ಲಿ ಎಡಕ್ಕೆ.

"ಕನ್ನಡಿಯೊಳಗಿನ ಮನೆ ಇದ್ದಂಗಿದೆ," ಅಂದಳು ಮನೀಝೆ. "ಹಳೇದು ಮುಖ ನೋಡಿದ್ರೆ ಗೊತ್ತಾಗ್ತಿತ್ತು. ಇದು ಯಾರೋ ಬಾಡಿಗೆಯವ್ರು."

"ಅಭ್ಯಾಸ ಆಗುತ್ತೆ ಅತ್ತೆ. ಇಲ್ಲಿ ಒತ್ತಿ. ಹಾಂ. ಸ್ಕ್ಯಾನರು ಇದು. ಒಂದು ಹಾಳೆ ಇಡಿ."

ಮನೀಝೆ ಬೀರುವಿನಿಂದ ಸುರುಳಿ ತಂದಳು. ಅದೇ ಹಾಳೆಗಳು, ಅಂಚು ಹಳದಿಯಾಗಿತ್ತು. ಫರೀಬಾ ಒಂದು ಹಾಳೆ ಬಿಡಿಸಿ, ಅಂಚು ಸರಿಮಾಡಿ ಇಟ್ಟಳು. ಚಿತ್ರ ತೆರೆಯ ಮೇಲೆ ಬಂತು. ಮುಚ್ಚಲು ಹೇಳಿದಳು. ಯಂತ್ರ ಕೇಳಿತು: ಉಳಿಸಬೇಕೆ?

ಮನೀಝೆ 'ಬೇಡ' ಒತ್ತಿದಳು.

"ಅತ್ತೆ! ಯಾಕೆ ಬೇಡ ಅಂದ್ರಿ?"

"ಮತ್ತೆ? ಕೇಳಿದ ಕೂಡ್ಲೇ ಹೂಂ ಅಂತ ಬಾಯಿ ಬಿಡೋಕೆ ನಾನೇನು ಹಸಿದು ಕೂತಿದ್ದೀನಾ? ಇನ್ನೊಂದ್ಸಲ ಕೇಳ್ಲಿ, ಆಗ ಹೇಳ್ತೀನಿ."

"ಇದು ಇನ್ನೊಂದ್ಸಲ ಕೇಳಲ್ಲ."

"ಯಾಕೆ ಕೇಳಲ್ಲ?"

"ಇದಕ್ಕೆ ಉಪಚಾರ ಗೊತ್ತಿಲ್ಲ ಅತ್ತೆ. ನೀವು ಬೇಡ ಅಂದ್ರೆ ಬೇಡ ಅಂತಾನೇ ತಿಳ್ಕೊಳ್ಳುತ್ತೆ."

"ಎಂಥಾ ಒರಟು!" ಅಂದಳು ಮನೀಝೆ, ನಿಜವಾದ ಅಸಹ್ಯದಿಂದ. "ಹಳೇದ್ರಲ್ಲಿ ನನ್ನ ಮಗ ಇಂಥ ಪ್ರಶ್ನೆಯೇ ಬರದ ಹಾಗೆ ಮಾಡಿಟ್ಟಿದ್ದ."

ಮತ್ತೆ ಸ್ಕ್ಯಾನ್ ಮಾಡಿದರು, ಮತ್ತೆ ಅದೇ ಆಯಿತು. ಮೂರನೆಯ ಹಾಳೆಗೆ ಅವಳ ಬೆರಳು 'ಹೌದು' ಮೇಲೆ ಹೋಗಿ, ನಾಚಿಕೊಂಡು, ಪಕ್ಕಕ್ಕೆ ಸರಿಯಿತು. ಎಪ್ಪತ್ತರ ಹತ್ತಿರದ ಹೆಂಗಸು. ಒಂದೇ ಕೇಳಿಕೆಗೆ ಒಪ್ಪಿಕೊಳ್ಳುವುದು ಅವಳ ಬೆರಳಿಗೂ ಬಾರದು. ಕೊನೆಗೆ ಸ್ಕ್ಯಾನ್ ಮಾಡುವ ಕೆಲಸ ಫರೀಬಾಳೇ ಮಾಡಿದಳು.

ಎಲ್ಲ ಮುಗಿದಾಗ ಮನೀಝೆ ಚಹಾ ಕಾಯಿಸುವ ಸಮೋವರಿಗೆ ನೀರು ತುಂಬಲು ಒಳಗೆ ಹೋದಳು. ಫರೀಬಾ ಒಬ್ಬಳೇ ಉಳಿದಳು, ಹಾಳೆಗಳ ಜೊತೆ, ಚಿತ್ರಗಳ ಕಡತದ ಜೊತೆ. ಅಷ್ಟನ್ನೂ ಆಯ್ದು ಅಳಿಸುವ ಗುಂಡಿ ಒತ್ತಿದಳು. ಶಾಶ್ವತವಾಗಿ ಅಳಿಸಲೇ ಎಂದು ಯಂತ್ರ ಕೇಳಿತು. ಮೇಜಿನ ಮೇಲಿದ್ದ ಹಾಳೆಗಳನ್ನು ಕೋಟಿನೊಳಗೆ ತುರುಕಿಕೊಳ್ಳಬಹುದಿತ್ತು, ಬಾಗಿಲು ಹತ್ತಿರವೇ ಇತ್ತು. ಆದರೆ ಅದರಿಂದ ಏನಾಗುತ್ತದೆ? ಕಳ್ಳಿಯ ಮನೆಯಲ್ಲಿ ಕಳ್ಳತನ. ಮನೀಝೆ ಊರೆಲ್ಲ ಅಳುತ್ತಾ ತಿರುಗುತ್ತಾಳೆ, ಊರು ಅವಳ ಕಣ್ಣೊರೆಸುತ್ತದೆ. ತಾಯಿಯ ಹೆಸರು ಮಾತ್ರ ಎಲ್ಲೂ ಬರುವುದಿಲ್ಲ. ಫರೀಬಾ 'ಬೇಡ' ಒತ್ತಿದಳು.

ಒಳಗಿನಿಂದ ಅತ್ತೆಯ ಗೊಣಗು ಕೇಳುತ್ತಿತ್ತು. "ಒಂದೇ ಸಲ ಕೇಳುತ್ತಂತೆ. ಇಂಥದ್ದನ್ನ ಮನೆಯೊಳಗೆ ಬಿಟ್ಕೊಂಡ್ರೆ ಏನು ಗತಿ!"

ಹೌದಲ್ಲ, ಅನ್ನಿಸಿತು ಫರೀಬಾಳಿಗೆ. ಯಂತ್ರವಲ್ಲ, ಮನುಷ್ಯರೇ ಮೊದಲ ಮಾತನ್ನೇ ನಿಜವೆಂದು ಹಿಡಿದುಬಿಟ್ಟರೆ? ಒಮ್ಮೆ ಈ ಮನೆಯವಳು ಹಾಗೆ ಮಾಡಿದ್ದಳಲ್ಲ.

ಮನೀಝೆ ಚಹಾ ಮತ್ತು ಖರ್ಜೂರದ ಹೂರಣದ ಕೊಲಂಪೆ ತಂದಿಟ್ಟಾಗ ಫರೀಬಾಳ ಮುಖದಲ್ಲಿ, ಆ ಮನೆಯಲ್ಲಿ ಬಹಳ ವರ್ಷಗಳ ನಂತರ, ನಗೆಯಿತ್ತು.

"ಅತ್ತೆ, ಇದನ್ನ ಸುಮ್ನೆ ಮಿಂಚಂಚೆಯಲ್ಲಿ ತಳ್ಳಿಬಿಟ್ರೆ ಏನು ಚೆಂದ? ನಿಮ್ಮ ತಿಂಗಳ ಕೂಟ ಯಾವಾಗ?"

"ಬರೋ ಗುರುವಾರ. ನಮ್ಮನೇಲೇ."

"ಪುಸ್ತಕದವ್ರನ್ನೂ ಕರೀರಿ. ಇದನ್ನ ದೊಡ್ಡ ಟೀವಿಗೆ ಜೋಡಿಸ್ತೀನಿ, ಒಂದೊಂದೇ ವಿನ್ಯಾಸ ಎಲ್ಲರೂ ನೋಡ್ಲಿ. ಕೆಳಗೆ ಹೆಸರಿನ ಜಾಗ ಖಾಲಿ ಬಿಟ್ಟಿರ್ತೀನಿ, ನೀವು ಹೇಳಿ, ನಾನು ಅಲ್ಲೇ ಬರೀತೀನಿ. ಎಲ್ಲರೆದುರಿಗೇ ಕಳಿಸೋಣ."

ಮನೀಝೆಯ ಕೈ ತಾನಾಗಿ ತಲೆಗೂದಲು ಸರಿಮಾಡಿಕೊಂಡಿತು. "ಅಯ್ಯೋ, ಅದೆಲ್ಲ ಯಾಕೆ..." ಎಂದು ಎರಡು ಸಲ ಅಂದಳು. ಮೂರನೆಯ ಸಲ ಯಾವ ಬಣ್ಣದ ರೇಷ್ಮೆ ಅಂಗಿ ಒಪ್ಪುತ್ತದೆ ಎಂದು ಕೇಳಿದಳು.

"ಅಮ್ಮನ್ನೂ ಕರ್ಕೊಂಡು ಬರ್ಲಾ?" ಅಂದಳು ಫರೀಬಾ, ಚಹಾದ ಸಕ್ಕರೆ ತುಂಡನ್ನು ಹಲ್ಲಿನ ನಡುವೆ ಇಟ್ಟುಕೊಳ್ಳುತ್ತಾ.

"ಅತ್ತಿಗೆ ಬರ್ಲೇಬೇಕು! ಅವ್ರಿಲ್ದೆ ನನಗೆ ಶೋಭೆಯಾ?"

ಅದು ಉಪಚಾರವೋ ನಿಜವೋ ಫರೀಬಾಳಿಗೆ ಬೇಕಿರಲಿಲ್ಲ. ಅವಳಿಗೆ ಬೇಕಿದ್ದುದು ಒಂದೇ: ಹಿರಿಯ ಅತ್ತಿಗೆ ಎದುರು ಕೂತಿರುವಾಗ ಕಿರಿಯ ನಾದಿನಿ, ನಾಲ್ಕು ಜನರ ಮುಂದೆ, ನೇರವಾಗಿ "ನನ್ನದು" ಅನ್ನಲಾರಳು.

ಒಂದು ಭಯವಿತ್ತು, ಅದು ತಾಯಿಯದೇ. ಮನೀಝೆ "ಎಲ್ಲ ಅತ್ತಿಗೆಯದೇ" ಎಂದರೆ ತೂರಾನ್ ಏನನ್ನುತ್ತಾಳೆ? "ಛೆ ಛೆ, ನಿನ್ನದೇ" ಅನ್ನುತ್ತಾಳೆ. ಜೀವಮಾನವಿಡೀ ಅಂದಿದ್ದಾಳೆ. ಗಾಯ ಮಾಡಿದವರಿಗೇ ಕುರ್ಚಿ ಕೊಡುವ ಹೆಂಗಸು. ಹೇಳಿ ಸಿದ್ಧಮಾಡೋಣವೆಂದರೆ ಬರುವುದೇ ಇಲ್ಲ ಅಂದುಬಿಟ್ಟಾಳು. ಫರೀಬಾ ಏನೂ ಹೇಳಲಿಲ್ಲ. ತಾಯಿ ಬಾಯಿ ತೆರೆಯುವ ಮೊದಲೇ ಕೆಲಸ ಮುಗಿಸಬೇಕು, ಅಷ್ಟೇ.

ಗುರುವಾರ ಸಂಜೆ ಮನೀಝೆಯ ಹಜಾರ ತುಂಬಿತ್ತು. ಹೆಂಗಸರ ಕೋಟುಗಳು ಒಳಕೋಣೆಯ ಮಂಚದ ಮೇಲೆ ರಾಶಿಬಿದ್ದಿದ್ದವು. ಪಿಸ್ತಾದ ಸಿಪ್ಪೆ, ಸೌತೆಕಾಯಿ, ಸುಗಂಧ, ಎಲ್ಲರದೂ ಒಟ್ಟಿಗೇ ಮಾತು. ಪುಸ್ತಕದ ಎಸ್ಕಂದರಿ ಖಾನುಮ್ ಕನ್ನಡಕ ಹಣೆಯ ಮೇಲೇರಿಸಿಕೊಂಡ, ಕಡಿಮೆ ಮಾತಿನ ಹೆಂಗಸು. ಅವರಿಗೆ ಮಧ್ಯದ ಸೋಫಾ. ಪಕ್ಕದ ಮನೆಯ ಬದ್ರಿ ಖಾನುಮ್ ಯಾರೂ ಕೂರಿಸದಿದ್ದರೂ ಅವರ ಪಕ್ಕ ಕೂತಿದ್ದಳು. ಎದುರಿಗೆ ತೂರಾನ್, ನಡುಗುವ ಬಲಗೈಯನ್ನು ಎಡಗೈಯಿಂದ ಮುಚ್ಚಿಕೊಂಡು.

"ಅತ್ತಿಗೆ, ಮುಂದೆ ಬನ್ನಿ, ಇಲ್ಲಿ ಕೂತ್ಕೊಳ್ಳಿ."

"ಇಲ್ಲೇ ಚೆನ್ನಾಗಿದೆ ಮನೀಝೆ."

"ನನ್ನಾಣೆಗೂ ಬರ್ಬೇಕು."

"ನಿನ್ನಾಣೆಗೂ ಇಲ್ಲೇ ಚೆನ್ನಾಗಿದೆ."

ಫರೀಬಾ ತಂತಿ ಜೋಡಿಸಿದಳು. ದೊಡ್ಡ ತೆರೆಯ ಮೇಲೆ ಪೆಂಗ್ವಿನ್ ಬಂದು ಹೋಯಿತು.

"ಇದೇನು ಮನೀಝೆ, ಕೋಳಿ ಸಾಕಿದೀಯಾ?" ಅಂದಳು ಬದ್ರಿ.

"ಹೊಸ ವ್ಯವಸ್ಥೆ ಕಣೇ. ಲಿನಕ್ಸ್. ನಿನ್ನಂಥವ್ರಿಗೆ ಅರ್ಥ ಆಗಲ್ಲ," ಎಂದು ಮನೀಝೆ ಗತ್ತಿನಿಂದ ಹೇಳಿದಳು.

ಮೊದಲ ಮರ ತೆರೆಯ ತುಂಬ ಬಂತು. ಮಾತು ತಾನಾಗಿ ಇಳಿಯಿತು. ಪೆನ್ಸಿಲಿನ ಒಂದೊಂದು ಎಳೆಯೂ ಕಾಣುತ್ತಿತ್ತು. ಫರೀಬಾ ಒಂದೊಂದೇ ದಾಟಿಸಿದಳು. ಪ್ರತಿಯೊಂದರ ಕೆಳಗೆ 'ವಿನ್ಯಾಸ' ಎಂಬ ಪದ, ಮುಂದೆ ಖಾಲಿ ಜಾಗ. ಅವಳು ತಾಯಿಯ ಕಡೆ ನೋಡಲಿಲ್ಲ. ನೋಡಿದರೆ ಕೈ ತಪ್ಪುತ್ತದೆಂದು ಗೊತ್ತಿತ್ತು.

ಕೊನೆಯದು ಮುಗಿದ ಮೇಲೆ ಎಸ್ಕಂದರಿ ಖಾನುಮ್ ಕನ್ನಡಕ ಇಳಿಸಿಕೊಂಡರು. "ಅದ್ಭುತ. ಮನೀಝೆ ಖಾನುಮ್, ಒಂದು ಮಾತು ಖಚಿತ ಮಾಡ್ಕೊಳ್ತೀನಿ, ನನ್ನ ಕೆಲಸ ಅದು. ಈ ಹದಿನಾಲ್ಕೂ ನೀವೇ ಬರೆದದ್ದು, ಅಲ್ವಾ?"

ಮನೀಝೆ ಒಮ್ಮೆ ಅತ್ತಿಗೆಯ ಕಡೆ ನೋಡಿದಳು. ಕೈಯನ್ನು ಎದೆಯ ಮೇಲಿಟ್ಟುಕೊಂಡಳು.

"ಅಯ್ಯೋ ಖಾನುಮ್, ನನ್ನ ಕೈಲೇನಿದೆ! ತೂರಾನ್ ಅತ್ತಿಗೆ ಕೂತಿರೋ ಕಡೆ ನಾನು ನಂದು ಅಂತ ಬಾಯಿ ಬಿಡೋಕಾಗುತ್ತಾ? ಎಲ್ಲಾ ಅವ್ರದ್ದೇ. ನಾನು ಅವ್ರ ಕಾಲಿನ ಧೂಳು."

ಹೇಳಿ, ಚಹಾದ ಲೋಟ ಎತ್ತಿಕೊಂಡು, ಕಾದಳು. ಈಗ ನಾಲ್ಕೂ ಕಡೆಯಿಂದ ಛೆ ಛೆ ಬರಬೇಕು. ಬದ್ರಿ ಬಾಯಿ ತೆರೆದೇಬಿಟ್ಟಿದ್ದಳು.

"ಬರೆದೆ ಅತ್ತೆ," ಅಂದಳು ಫರೀಬಾ.

ತೆರೆಯ ಮೇಲೆ, ಮೊದಲ ಮರದ ಕೆಳಗೆ, ಎಲ್ಲರಿಗೂ ಕಾಣುವಷ್ಟು ದೊಡ್ಡದಾಗಿ: ವಿನ್ಯಾಸ, ತೂರಾನ್ ಬೆಹಜಾದಿ.

ಸಕ್ಕರೆ ತುಂಡು ಯಾರದೋ ತಟ್ಟೆಯ ಮೇಲೆ ಉರುಳಿದ ಸದ್ದು ಕೇಳಿತು.

"ನಿಮ್ಮ ಬಾಯಿಂದಾನೇ ಇದನ್ನ ಕೇಳ್ಬೇಕು ಅಂತ ಎಷ್ಟು ವರ್ಷ ಕಾದಿದ್ದೆ ಅತ್ತೆ," ಅಂದಳು ಫರೀಬಾ. ಧ್ವನಿಯಲ್ಲಿ ಜೇನು ಸುರಿಯುತ್ತಿತ್ತು. "ಇವು ಅಮ್ಮನ ಕೈಯವು ಅಂತ ನಮ್ಮ ಮನೇಲಿ ಎಲ್ಲರಿಗೂ ಗೊತ್ತಿತ್ತು. ಆದ್ರೆ ಇಷ್ಟು ಜನರ ಮುಂದೆ, ತನ್ನ ಹೆಸರು ಬರೋ ಜಾಗದಲ್ಲಿ ಅತ್ತಿಗೆ ಹೆಸರು ಹೇಳೋಕೆ ಎಂಥಾ ಮನಸ್ಸು ಬೇಕು! ಎಸ್ಕಂದರಿ ಖಾನುಮ್, ಇದನ್ನೂ ಬರ್ಕೊಳ್ಳಿ. ಅತ್ತೆ ಇಷ್ಟು ವರ್ಷ ಹಾಳೆಗಳನ್ನ ಜೋಪಾನ ಮಾಡಿಟ್ಟಿದ್ರು."

ಬದ್ರಿಯ ಬಾಯಿ ತೆರೆದೇ ಇತ್ತು, ಆದರೆ ಹೊರಬಂದ ಮಾತು ಬೇರೆಯದು. "ಅಯ್ಯೋ ಮನೀಝೆ, ನಿನ್ನ ಈ ಮಾತಿಗೆ ಪ್ರಾಣ ಬೇಕಾದ್ರೂ ಕೊಡ್ತೀನಿ ಕಣೇ! ನಾವೆಲ್ಲ ನಿಂದೇ ಅಂದ್ಕೊಂಡಿದ್ವಿ. ಈ ಕಾಲದಲ್ಲಿ ಯಾರು ಹೀಗೆ ಹೇಳ್ತಾರೆ?"

"ಯಾರು ಹೇಳ್ತಾರೆ?" ಅಂದಳು ಇನ್ನೊಬ್ಬಳು. "ನನ್ನ ನಾದಿನಿ ಆಗಿದ್ರೆ ನನ್ನ ಸಮಾಧಿಯ ಕಲ್ಲಿನ ಮೇಲೂ ತನ್ನ ಹೆಸರೇ ಬರೆಸ್ಕೊಳ್ಳೋಳು."

ಹೊಗಳಿಕೆ ಸುತ್ತಲಿಂದ ಬಂದು ಮನೀಝೆಯನ್ನು ಕಟ್ಟಿಹಾಕಿತು. ಒಂದೊಂದು ಮಾತೂ ಒಂದೊಂದು ಗಂಟು. ಅವಳು ನಗುತ್ತಿದ್ದಳು, ನಗು ಮುಖದ ಮೇಲೆ ಮರೆತುಬಿಟ್ಟ ಸಾಮಾನಿನ ಹಾಗೆ ಉಳಿದುಕೊಂಡಿತ್ತು. "ಅಂದ್ರೆ... ಕಲ್ಸಿದ್ದು ಅತ್ತಿಗೆ, ಆದ್ರೆ..." ಅಂದಳು. ಯಾರೂ ಕೇಳಿಸಿಕೊಳ್ಳಲಿಲ್ಲ. ಎಸ್ಕಂದರಿ ಖಾನುಮ್ ಮಾತ್ರ ಹುಬ್ಬೇರಿಸಿದರು. ಆಕೆ ವೃತ್ತಿಯಲ್ಲಿ ಎಚ್ಚರಿಕೆಯವರು. ತೂರಾನಳ ಕಡೆ ತಿರುಗಿದರು.

"ಹೌದಾ ಖಾನುಮ್? ಇವು ನಿಮ್ಮವಾ?"

ಇದನ್ನು ಫರೀಬಾ ಲೆಕ್ಕಕ್ಕೆ ಹಿಡಿದಿರಲಿಲ್ಲ, ಇಷ್ಟು ನೇರ ಪ್ರಶ್ನೆ ಬರುತ್ತದೆಂದು. ಈಗ ಬರುತ್ತದೆ, ಛೆ ಛೆ. ಈಗ ಅಮ್ಮ ಎಲ್ಲವನ್ನೂ ಮಡಚಿ ವಾಪಸ್ ಕೊಡುತ್ತಾಳೆ.

ತೂರಾನ್ ಮುಚ್ಚಿಕೊಂಡಿದ್ದ ಬಲಗೈಯನ್ನು ಬಿಡಿಸಿ ಮಡಿಲ ಮೇಲಿಟ್ಟಳು. ಅದು ಎಲ್ಲರ ಮುಂದೆ ನಡುಗಿತು, ನಡುಗಲು ಬಿಟ್ಟಳು.

"ಹೌದು. ನನ್ನವು," ಅಂದಳು. ಆಮೇಲೆ ನಾದಿನಿಯ ಕಡೆ ತಿರುಗಿ, "ನಿನ್ನ ಕೈಗೆ ನೋವು ಬಾರದಿರಲಿ ಮನೀಝೆ."

ಆ ಮೇಲೆ ಉಳಿದದ್ದು ಬೆರಳಿನ ಕೆಲಸ. ಫರೀಬಾ ಹೆಸರನ್ನು ನಕಲು ಮಾಡಿ ಎರಡನೆಯದರ ಕೆಳಗೆ, ಮೂರನೆಯದರ ಕೆಳಗೆ ಅಂಟಿಸುತ್ತಾ ಹೋದಳು. ತೆರೆಯ ಮೇಲೆ ಒಂದೊಂದೇ ಜಾಗ ತುಂಬುತ್ತಿತ್ತು. ಕೊನೆಕೊನೆಗೆ ಒಂದು ಚಿತ್ರದಲ್ಲಿ, ಮರದ ಬಾಗಿನಲ್ಲಿ ಕೂತು ಕುತ್ತಿಗೆ ಹಿಂದಕ್ಕೆ ತಿರುಗಿಸಿದ ಹಕ್ಕಿ ಇತ್ತು. ಅಲ್ಲಿ ಮನೀಝೆ "ಫರೀಬಾ, ಇದು..." ಎಂದು ಕುರ್ಚಿಯಿಂದ ಅರ್ಧ ಎದ್ದಳು.

"ಏನು ಅತ್ತೆ?"

ಮನೀಝೆ ಅತ್ತಿಗೆಯನ್ನು ನೋಡಿದಳು. ತೂರಾನ್ ಅವಳನ್ನು ನೋಡಿದಳು. ಎಲ್ಲರೂ ಕಾಯುತ್ತಿದ್ದರು.

"ಏನಿಲ್ಲ," ಅಂದು ಮನೀಝೆ ಕೂತಳು.

ಕಡೆಗಳಿಗೆಯಲ್ಲಿ ಜಾರಿಕೊಳ್ಳುವ ಆಸೆ ಎಂದುಕೊಂಡು ಫರೀಬಾ ಹಕ್ಕಿಯ ಕೆಳಗೂ ಹೆಸರು ಅಂಟಿಸಿದಳು. ಲ್ಯಾಪ್‌ಟಾಪನ್ನು ಎತ್ತಿ ತಂದು ಅತ್ತೆಯ ತೊಡೆಯ ಮೇಲೆಯೇ ಇಟ್ಟಳು. ಯಂತ್ರ ಕೇಳುತ್ತಿತ್ತು: ಕಳುಹಿಸಲೇ? ಹೌದು, ಬೇಡ.

"ನೀವೇ ಒತ್ತಿ. ಈ ಪುಣ್ಯ ನಿಮ್ಮ ಕೈಯಿಂದಾನೇ ಆಗ್ಲಿ."

"ಈಗ್ಲೇ ಯಾಕೆ, ನಾಳೆ ನಿಧಾನವಾಗಿ..."

"ನಾಚ್ಕೋಬೇಡ ಮನೀಝೆ, ಒತ್ತೇ!" ಅಂದಳು ಬದ್ರಿ.

ಮನೀಝೆಯ ಬೆರಳು ಸರಿದಾಡಿತು. ನಂತರ 'ಹೌದು' ಒತ್ತಿತು. ಚಪ್ಪಾಳೆ ಬಿತ್ತು.

ಮನೆಗೆ ಹೋಗುವ ದಾರಿಯಲ್ಲಿ ಫರೀಬಾ ಒಬ್ಬಳೇ ಮಾತಾಡಿದಳು. ಬದ್ರಿಯ ಬಾಯಿ ನೋಡಿದೆಯಾ, ಎಸ್ಕಂದರಿಯ ಹುಬ್ಬು ನೋಡಿದೆಯಾ, ನೀನು ಹೌದು ಅಂದಾಗ ನನ್ನ ಜೀವವೇ ಬಾಯಿಗೆ ಬಂದಿತ್ತು. ತೂರಾನ್ ಕಿಟಕಿಯ ಹೊರಗೆ ನೋಡುತ್ತಿದ್ದಳು. ಆಜಾದಿ ಚೌಕದ ಕೆಂಪು ದೀಪಕ್ಕೆ ಕಾರು ನಿಂತಾಗ ಅವಳು ಹೇಳಿದಳು:

"ಹಕ್ಕಿ ಅವಳದು."

"ಯಾವ ಹಕ್ಕಿ?"

"ಕುತ್ತಿಗೆ ತಿರುಗಿಸಿದ್ದು. ನಾನು ಮದುವೆಯಾಗಿ ಬಂದ ವರ್ಷ ನನ್ನ ಪಕ್ಕ ಕೂತು ಬರೆದಳು. ನನ್ನ ಸುರುಳಿಯೊಳಗೇ ಇತ್ತು. ಅವಳು ಬರೆದದ್ದು ಅದೊಂದೇ. ಚೆನ್ನಾಗೇ ಬರೆದಳು."

ಹಿಂದಿನ ಕಾರು ಹಾರನ್ ಮಾಡಿತು. ದೀಪ ಹಸಿರಾಗಿತ್ತು.

"ಅಮ್ಮ, ಅಲ್ಲೇ ಹೇಳ್ಬಹುದಿತ್ತಲ್ಲ!"

"ಅವಳೂ ಹೇಳ್ಬಹುದಿತ್ತು. ಇದೊಂದು ನಂದು ಅಂದ್ರೆ ಉಳಿದವು ನಂದಲ್ಲ ಅಂತ ಒಪ್ಕೊಂಡ ಹಾಗೆ. ಅದಕ್ಕೇ ಕೂತಳು." ತೂರಾನ್ ಸ್ಕಾರ್ಫಿನ ಗಂಟು ಸಡಿಲಿಸಿಕೊಂಡಳು. "ಕೂತದ್ದು ನೋಡಿದೆಯಲ್ಲ. ನಾನೂ ಹಾಗೇ ಕೂತಿದ್ದೆ, ಅಂಗಡಿಯಲ್ಲಿ ಚೀಟಿ ನೋಡಿದ ದಿನ."

ಫರೀಬಾ ಕಾರನ್ನು ಮುಂದಕ್ಕೆ ಬಿಟ್ಟಳು. ತಾಯಿಯನ್ನು ಮೆದು ಹೆಂಗಸೆಂದು ನಲವತ್ತು ವರ್ಷ ತಿಳಿದುಕೊಂಡಿದ್ದಳು.

ಮುಂದಿನ ವಾರ ಎಸ್ಕಂದರಿ ಖಾನುಮ್ ಫೋನು ಮಾಡಿದರು: ಪುಟಗಳನ್ನು ನಿಮಗೆ ಕಳಿಸಿದ್ದೇನೆ, ಬುಧವಾರ ಅಚ್ಚಿಗೆ ಹೋಗುತ್ತವೆ, ತಿದ್ದುಪಡಿ ಏನಾದರೂ ಇದ್ದರೆ ಅಷ್ಟರಲ್ಲಿ ತಿಳಿಸಿ. ನೋಡಿ ಹೇಳುತ್ತೇನೆ ಎಂದಳು ಫರೀಬಾ. ಅದೇ ಮಧ್ಯಾಹ್ನ ಮನೀಝೆಯ ಕರೆ ಬಂತು. ಕಂಪ್ಯೂಟರಿನ ದನಿ ನಿಂತುಹೋಗಿದೆಯಂತೆ.

ಕೆಟ್ಟದ್ದೇನೂ ಇರಲಿಲ್ಲ. ದನಿಯ ಗುಂಡಿಯನ್ನು ಯಾರೋ ಬೇಕೆಂದೇ ಒತ್ತಿ ಮೌನ ಮಾಡಿದ್ದರು. ಮನೆಯಲ್ಲಿ ಮನೀಝೆಯ ಹೊರತು ಯಾರೂ ಇರಲಿಲ್ಲ. ಫರೀಬಾ ಅದನ್ನು ಸರಿಮಾಡಿ, ಬಾಕಿ ಇದ್ದ ಅಪ್‌ಡೇಟುಗಳನ್ನು ಹಾಕಲು ಕೂತಳು. ಮನೀಝೆ ಚಹಾ ತರಲಿಲ್ಲ. ಎದುರಿನ ಕುರ್ಚಿ ಎಳೆದುಕೊಂಡು ಕೂತಳು.

"ಆ ಹಕ್ಕಿ ನಂದು ಫರೀಬಾ."

ಮುನ್ನುಡಿ ಇಲ್ಲ, ಜಾನ್ ಇಲ್ಲ, ನಿನ್ನಾಣೆ ಇಲ್ಲ. ಅತ್ತೆಯ ಬಾಯಿಂದ ಇಷ್ಟು ಬರಿಯ ಮಾತನ್ನು ಫರೀಬಾ ಎಂದೂ ಕೇಳಿರಲಿಲ್ಲ.

"ಗೊತ್ತು," ಅಂದಳು.

"ಗೊತ್ತಾ?"

"ಅಮ್ಮ ಹೇಳಿದ್ಲು."

ಮನೀಝೆ ಮೇಜಿನ ಬಟ್ಟೆಯ ಅಂಚನ್ನು ಬೆರಳಿನಿಂದ ಉಜ್ಜುತ್ತಿದ್ದಳು. "ಉಳಿದವು ಹೋಗ್ಲಿ. ಉಳಿದವುಗಳ ಬಗ್ಗೆ ನಾನು ಬಾಯಿ ತೆಗೆಯಲ್ಲ, ಎಂದೂ ತೆಗೆಯಲ್ಲ. ಅದೊಂದು ನಾನು ಬರೆದದ್ದು. ನನಗೆ ಬೇರೆ ಬರೋದೇ ಇಲ್ಲ. ಆ ಎಸ್ಕಂದರಿಗೆ ಒಂದು ಮಾತು ಹೇಳು."

"ನೀವೇ ಹೇಳಿ ಅತ್ತೆ. ನಂಬರ್ ಕೊಡ್ಲಾ?"

"ನಾನು ಹೇಗೆ ಹೇಳ್ಲಿ? ಎಲ್ಲಾ ಅವ್ರದ್ದೇ ಅಂತ ಜನರ ಮುಂದೆ ಅಂದಿದ್ದೀನಿ." ಅವಳ ಕಣ್ಣು ಒಣಗಿಯೇ ಇತ್ತು. "ಅಂದದ್ದನ್ನ ವಾಪಸ್ ತಗೊಳ್ಳೋಕೆ ಯಾವ ಬಾಯಿ?"

ತನ್ನ ತಾಯಿಯ ಮಾತು, ಹೆಚ್ಚುಕಡಿಮೆ ಹಾಗೆಯೇ. ಮನೀಝೆಗೆ ಅದು ಗೊತ್ತಿರಲಿಕ್ಕಿಲ್ಲ. ಫರೀಬಾ ತನ್ನೊಳಗೆ ಕನಿಕರವನ್ನು ಹುಡುಕಿ ನೋಡಿದಳು, ಪ್ರಾಮಾಣಿಕವಾಗಿಯೇ ಹುಡುಕಿದಳು. ಹಕ್ಕಿ ಚೆನ್ನಾಗಿತ್ತು, ಅದನ್ನು ಒಪ್ಪಲು ಅಡ್ಡಿಯಿರಲಿಲ್ಲ. ಅದು ಸುಳ್ಳು ಹೆಸರಿನಲ್ಲಿ ಅಚ್ಚಾಗುವುದು ತಪ್ಪು, ಅದೂ ನಿಜ. ಇವೆರಡರ ಆಚೆ ಏನೂ ಸಿಗಲಿಲ್ಲ.

ಅಪ್‌ಡೇಟು ಮುಗಿದಿತ್ತು. ಲ್ಯಾಪ್‌ಟಾಪನ್ನು ಮುಚ್ಚಿ ಎದ್ದಳು.

"ಇನ್ನು ದನಿ ಸರಿಯಾಗಿ ಬರುತ್ತೆ ಅತ್ತೆ," ಅಂದಳು. ಬಾಗಿಲ ಬಳಿ ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳುವಾಗ ಹಿಂದೆ ಕುರ್ಚಿ ಸರಿದ ಸದ್ದಿಗೆ ಕಾದಳು. ಸರಿಯಲಿಲ್ಲ.

ಮಂಗಳವಾರ ಶಾಲೆಯ ಬಿಡುವಿನ ವೇಳೆಯಲ್ಲಿ ಅವಳೇ ಎಸ್ಕಂದರಿ ಖಾನುಮ್‌ಗೆ ಫೋನು ಮಾಡಿದಳು. ಅಂಗಳದಲ್ಲಿ ಹುಡುಗಿಯರು ಚೆಂಡಾಡುತ್ತಿದ್ದರು. ಕೇಳಿಸದೆ ಎರಡೆರಡು ಸಲ ಹೇಳಬೇಕಾಯಿತು. ತಾಯಿಯ ಹುಟ್ಟಿದ ವರ್ಷ ಒಂದು ಕಡೆ ತಪ್ಪಾಗಿದೆ, ಅದನ್ನು ತಿದ್ದಿ ಎಂದಳು. ಆಕೆ ತಿದ್ದಿಕೊಂಡರು. ಬೇರೆ ಏನಾದರೂ ಇದೆಯೇ ಎಂದು ಕೇಳಿದರು.

"ಇಲ್ಲ ಖಾನುಮ್," ಅಂದಳು ಫರೀಬಾ. "ಉಳಿದದ್ದೆಲ್ಲ ಸರಿಯಾಗಿದೆ."